ಅಪರಾಧ ಧಾರಾವಾಹಿಗಳಲ್ಲಿ ವಿಡಿಯೋ ಆಟಗಳ ಲೋಕ

ಪರಿಚಯವಿಲ್ಲದ ಲೋಕವೊಂದನ್ನು ಚಿತ್ರಿಸಹೊರಟವರು ಅದರ ಪರಿಭಾಷೆಯನ್ನು ಮಾತ್ರ ಎರವಲು ತಂದು, ಅಲ್ಲಿಯ ಬದುಕನ್ನು ಬಿಟ್ಟುಬಿಡುವುದುಂಟು. ಅಮೆರಿಕದ ಎನ್‌ಬಿಸಿ ವಾಹಿನಿಯ 'ಲಾ ಅಂಡ್ ಆರ್ಡರ್: ಎಸ್‌ವಿಯು' ಎಂಬ ಅಪರಾಧ ಧಾರಾವಾಹಿಯಲ್ಲಿ 2015ರ ಫೆಬ್ರವರಿ 11ರಂದು ಪ್ರಸಾರವಾದ 'ಇಂಟಿಮಿಡೇಷನ್ ಗೇಮ್' ಎಂಬ ಕಂತು ಇದಕ್ಕೆ ನಿದರ್ಶನ.

ಅದರ ಹಿನ್ನೆಲೆ ಕೇವಲ ಕಲ್ಪಿತವಲ್ಲ. 2014ರ ಆಗಸ್ಟಿನಲ್ಲಿ ಆರಂಭವಾದ 'ಗೇಮರ್‌ಗೇಟ್' ಕೋಲಾಹಲದಲ್ಲಿ, ವಿಡಿಯೋ ಆಟಗಳನ್ನು ರಚಿಸುವ ಹಾಗೂ ವಿಮರ್ಶಿಸುವ ಹಲವು ಮಹಿಳೆಯರು ಅಂತರ್ಜಾಲದಲ್ಲಿ ಕೊಲೆಬೆದರಿಕೆಗೆ ಗುರಿಯಾದರು. ಆ ವರ್ಷದ ಅಕ್ಟೋಬರಿನಲ್ಲಿ ವಿಮರ್ಶಕಿ ಅನಿತಾ ಸರ್ಕೀಸಿಯನ್ ಅವರು ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನೀಡಬೇಕಾಗಿದ್ದ ಉಪನ್ಯಾಸವನ್ನು ಕೈಬಿಟ್ಟರು. ಸಾಮೂಹಿಕ ಹತ್ಯೆಯ ಬೆದರಿಕೆ ಬಂದಿದ್ದರೂ, ಅಲ್ಲಿಯ ಕಾನೂನಿನಂತೆ ಪರವಾನಗಿಯುಳ್ಳವರು ಸಭಾಂಗಣಕ್ಕೆ ಬಂದೂಕು ತರುವುದನ್ನು ತಡೆಯುವಂತಿರಲಿಲ್ಲ!

ಇಂತಹ ಗಂಭೀರ ವಿಷಯವು ಧಾರಾವಾಹಿಯಲ್ಲಿ ಪತ್ತೇದಾರರು ಒಬ್ಬರಿಗೊಬ್ಬರು ಪದಾರ್ಥ ಹೇಳಿಕೊಡುವ ಪಾಠವಾಯಿತು. ದುಷ್ಟರೂ ಆಟದ ನುಡಿಗಟ್ಟನ್ನೇ ಆಡುತ್ತಾರೆ; ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಹೀಗೆಯೇ ಮಾತನಾಡುವರೋ ಏನೋ! ಮುಖವಿಲ್ಲದ ಗುಂಪೊಂದು ಹಗಲಿರುಳು ಕಳುಹಿಸುವ ಬೆದರಿಕೆಯ ಭಾರವನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಅಪಹರಣವನ್ನು ತೋರಿಸುವುದು ಸುಲಭ. ಲೇಖಕರು ಸುಲಭವಾದುದನ್ನೇ ಆರಿಸಿಕೊಂಡರು. ಆಟಗಳೆಂದರೆ ಏನೆಂದರಿಯದ ಪ್ರೇಕ್ಷಕನಿಗೆ, ಅವುಗಳಿಂದಲೇ ಅಪರಾಧ ಹುಟ್ಟುತ್ತದೆಂಬ ಭಾವನೆ ಉಳಿದರೆ ಆಶ್ಚರ್ಯವಿಲ್ಲ.

ಕಂತಿನ ಕೊನೆಯಲ್ಲಿ ಆಟ ರಚಿಸುವ ಯುವತಿ ರೈನಾ ಪಂಜಾಬಿ ಸೋತು ತನ್ನ ವೃತ್ತಿಯನ್ನೇ ತೊರೆಯುತ್ತಾಳೆ. ಆದರೆ ಸರ್ಕೀಸಿಯನ್ ತೊರೆಯಲಿಲ್ಲ. ವಿಡಿಯೋ ಆಟಗಳಲ್ಲಿ ಸ್ತ್ರೀಚಿತ್ರಣವನ್ನು ಪರಿಶೀಲಿಸುವ ತಮ್ಮ ವಿಡಿಯೋ ಮಾಲಿಕೆಯನ್ನು ಬೆದರಿಕೆಗಳ ನಡುವೆಯೇ ಮುಂದುವರಿಸಿ, 2017ರಲ್ಲಿ ಪೂರ್ಣಗೊಳಿಸಿದರು.