ಹೊರಪೆಟ್ಟಿಗೆಯಿಲ್ಲದ ತಂಪು: ಸರೋಜಿನಿ ನಗರದ ಕ್ವಾರ್ಟರ್ಸ್ ಕಲಿಸಿದ ಪಾಠಗಳು

ಹವಾನಿಯಂತ್ರಣ ಯಂತ್ರದ ಕೆಲಸವೆಂದರೆ ಕೋಣೆಯೊಳಗಿನ ಶಾಖವನ್ನು ಹೀರಿ ಬೇರೊಂದೆಡೆಗೆ ಸಾಗಿಸುವುದು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸ್ಪ್ಲಿಟ್ ಎಸಿಯಲ್ಲಿ ಹೊರಗೋಡೆಗೆ ತೂಗುಹಾಕಿದ ಔಟ್‌ಡೋರ್ ಯೂನಿಟ್ ಈ ಶಾಖವನ್ನು ಫ್ಯಾನಿನ ನೆರವಿನಿಂದ ಬಯಲಿನ ಗಾಳಿಗೆ ಬಿಡುತ್ತದೆ. ನೀರಿನಿಂದ ತಣಿಯುವ ಎಸಿಯಲ್ಲಿ ಈ ಹೊರಪೆಟ್ಟಿಗೆ ಇರುವುದಿಲ್ಲ. ಒತ್ತಡಕ್ಕೊಳಗಾದ ಅನಿಲವು ದ್ರವವಾಗುತ್ತ ತನ್ನ ಶಾಖವನ್ನು ಬಿಟ್ಟುಕೊಡುವ ಕಂಡೆನ್ಸರ್ ಎಂಬ ಭಾಗವು ಮನೆಯೊಳಗೇ ಇದ್ದು, ಅದನ್ನು ಬಳಸಿ ಹರಿಯುವ ನೀರು ಶಾಖವನ್ನು ಕೊಳವೆಯ ಮೂಲಕ ಹೊತ್ತೊಯ್ಯುತ್ತದೆ. ದೊಡ್ಡ ಹೋಟೆಲು, ಆಸ್ಪತ್ರೆ, ಚಿತ್ರಮಂದಿರಗಳಲ್ಲಿ ಈ ಪದ್ಧತಿ ಹಳೆಯದು. ಅದನ್ನು ಮನೆಗೆ ತಂದರೆ ಏನಾಗಬಹುದು ಎಂಬುದಕ್ಕೆ ಉತ್ತರದ ಬಹುಭಾಗ ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಬಾಳಿದವರ ಅನುಭವದಲ್ಲೇ ಇದೆ.

ಹಿಂದೆ ವಿನಯ ನಗರವೆಂಬ ಹೆಸರಿದ್ದ ಈ ಬಡಾವಣೆಯನ್ನು ಕೇಂದ್ರ ಸರ್ಕಾರದ ನೌಕರರಿಗಾಗಿ ಕಟ್ಟಲಾಯಿತು; ಮಕ್ಕಳನ್ನು ಲೋಧಿ ಎಸ್ಟೇಟಿನ ಕನ್ನಡ ಶಾಲೆಗೆ ಕಳಿಸುವ, ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿಬರುವ ಕುಟುಂಬಗಳಿಗೆ ದಕ್ಷಿಣ ದೆಹಲಿಯ ಇಂಥ ಸರ್ಕಾರಿ ಬಡಾವಣೆಗಳ ಬದುಕು ಚಿರಪರಿಚಿತ. 2016ರಲ್ಲಿ ಕೇಂದ್ರ ಸಚಿವ ಸಂಪುಟವು ಸರೋಜಿನಿ ನಗರವೂ ಸೇರಿದಂತೆ ಏಳು ಬಡಾವಣೆಗಳ 12,970 ಹಳೆಯ ಮನೆಗಳನ್ನು ಕೆಡವಿ, ಅವುಗಳ ಜಾಗದಲ್ಲಿ ಸುಮಾರು 25,667 ಮನೆಗಳನ್ನು ಕಟ್ಟುವ ಯೋಜನೆಗೆ ಒಪ್ಪಿಗೆ ನೀಡಿತು. ತಗ್ಗು ಮನೆಗಳು ಹೋಗಿ ಬಹುಮಹಡಿ ಕಟ್ಟಡಗಳು ಬಂದಲ್ಲಿ ಔಟ್‌ಡೋರ್ ಯೂನಿಟ್ಟುಗಳ ಪ್ರಶ್ನೆ ಕೇವಲ ಅಂದಚೆಂದದ್ದಾಗಿ ಉಳಿಯುವುದಿಲ್ಲ. ಇಕ್ಕಟ್ಟಾದ ಶಾಫ್ಟಿನಲ್ಲಿ ಕೆಳಮಹಡಿಯ ಯಂತ್ರ ಉಗುಳಿದ ಬಿಸಿಗಾಳಿಯನ್ನೇ ಮೇಲಿನ ಮಹಡಿಯ ಯಂತ್ರ ಒಳಗೆಳೆದುಕೊಳ್ಳುವುದರಿಂದ, ಸೆಕೆ ಹೆಚ್ಚಿದ ದಿನವೇ ಅದು ಹೆಚ್ಚು ವಿದ್ಯುತ್ ತಿಂದು ಕಡಿಮೆ ತಂಪು ಕೊಡುತ್ತದೆ. ಇಲ್ಲಿಗೆ ಸಮೀಪದ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2024ರ ಮೇ 29ರಂದು 46.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು ಎಂಬುದನ್ನು ನೆನೆದರೆ ಸಮಸ್ಯೆಯ ತೀವ್ರತೆ ತಿಳಿಯುತ್ತದೆ.

ಇಲ್ಲಿನ ಹಳೆಯ ಮನೆಗಳಿಗೆ ನೀರಿನ ತಂಪು ಹೊಸದಾಗಿರಲಿಲ್ಲ; ಮೊದಲ ಪಾಠ ಸಿಗುವುದೂ ಅಲ್ಲಿಯೇ. ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿ, ಅದರ ಮುಂದುವರಿಕೆಯಾಗಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಳಿತ ತಗಡಿನ ಡೆಸರ್ಟ್ ಕೂಲರ್, ಇವೆರಡೂ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ ಎಂಬ ತತ್ತ್ವವನ್ನೇ ನೆಚ್ಚಿದ್ದವು. ಹೀಗೆ ನೀರನ್ನು ಎಷ್ಟರಮಟ್ಟಿಗೆ ತಣಿಸಬಹುದು ಎಂಬುದರ ಮಿತಿಯನ್ನು ಆರ್ದ್ರ ಬಲ್ಬ್ ತಾಪಮಾನವೆನ್ನುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಗಾಳಿಯಲ್ಲಿ ತೋರಿಸುವ ಉಷ್ಣತೆಯೇ ಅದು. ಮೇ ತಿಂಗಳ, ಲೂ ಎಂಬ ಒಣ ಬಿಸಿಗಾಳಿಯಲ್ಲಿ ಉಷ್ಣತೆ 44 ಡಿಗ್ರಿ, ತೇವಾಂಶ ಶೇ 15 ಇದ್ದರೆ ಈ ಮಿತಿ ಸುಮಾರು 23 ಡಿಗ್ರಿಯಷ್ಟಿರುತ್ತದೆ. ಜುಲೈನಲ್ಲಿ ಉಷ್ಣತೆ 34ಕ್ಕೆ ಇಳಿದರೂ ತೇವಾಂಶ ಶೇ 65ಕ್ಕೆ ಏರಿದಾಗ ಅದು 28 ಡಿಗ್ರಿ ದಾಟುತ್ತದೆ. ಮೇ ತಿಂಗಳಲ್ಲಿ ಹಿತವೆನಿಸಿದ ಕೂಲರು ಮಳೆ ಶುರುವಾದೊಡನೆ ಹಾಸಿಗೆ ಬಟ್ಟೆಯನ್ನೂ ಜಿಗುಟು ಮಾಡುವುದು ಇದರಿಂದಲೇ. ನೀರಿನಿಂದ ತಣಿಯುವ ಎಸಿಗೆ ಈ ತೊಂದರೆ ಅಷ್ಟಾಗಿಲ್ಲ, ಏಕೆಂದರೆ ಅದರ ನೀರು ಕೋಣೆಯ ಗಾಳಿಯೊಡನೆ ಬೆರೆಯುವುದೇ ಇಲ್ಲ. ಆದರೆ ಆ ನೀರನ್ನೂ ಹೊರಗೆ ಆವಿಯ ಮೂಲಕವೇ ತಣಿಸಬೇಕು, ಅದೂ ಆ ಮಿತಿಗಿಂತ ಕೆಲವು ಡಿಗ್ರಿ ಮೇಲೆಯೇ ನಿಲ್ಲುತ್ತದೆ; ಹಾಗಾಗಿ ಲಾಭದ ಲೆಕ್ಕ ಋತುವಿನೊಡನೆ ಬದಲಾಗುತ್ತದೆ: ಮೇ ತಿಂಗಳಲ್ಲಿ 44 ಡಿಗ್ರಿಯ ಗಾಳಿಗೆ ಬದಲಾಗಿ 27 ಡಿಗ್ರಿಯ ನೀರು ದೊರೆತು ಅನಿಲವನ್ನು ಒತ್ತುವ ಕಂಪ್ರೆಸರಿನ ಹೊರೆ ಬಹಳ ಇಳಿಯುತ್ತದೆ, ಜುಲೈನಲ್ಲಿ ಗಾಳಿಗೂ ನೀರಿಗೂ ಅಂತರ ಎರಡು ಡಿಗ್ರಿಯಷ್ಟೇ ಉಳಿದು, ಪಂಪಿಗೆ ವ್ಯಯವಾಗುವ ವಿದ್ಯುತ್ತು ಆ ಲಾಭವನ್ನು ನುಂಗಿಬಿಡಬಹುದು.

ಎರಡನೆಯ ಪಾಠ ನೀರಿನ ಪ್ರಮಾಣದ್ದು. ಒಂದೂವರೆ ಟನ್ನಿನ ಎಸಿ ಕೋಣೆಯಿಂದ ಹೀರುವ ಶಾಖ ಸುಮಾರು 5 ಕಿಲೋವ್ಯಾಟ್. ಕಂಪ್ರೆಸರು ಬಳಸಿದ ವಿದ್ಯುತ್ತೂ ಶಾಖವಾಗಿಯೇ ಹೊರಬರಬೇಕಾದ್ದರಿಂದ ನೀರು ಹೊರಬೇಕಾದದ್ದು ಆರೂವರೆ ಕಿಲೋವ್ಯಾಟ್. ನಲ್ಲಿಯ ನೀರನ್ನು ಒಮ್ಮೆ ಹಾಯಿಸಿ, 10 ಡಿಗ್ರಿ ಬಿಸಿಯಾದ ಮೇಲೆ ಚರಂಡಿಗೆ ಬಿಡುವುದಾದರೆ ಗಂಟೆಗೆ 550 ಲೀಟರಿಗೂ ಮಿಕ್ಕಿ ನೀರು ಬೇಕಾಗುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ನಾಲ್ವರ ಕುಟುಂಬಕ್ಕೆ ಇಡೀ ದಿನಕ್ಕೆ ಸಲ್ಲುವ ನೀರು 540 ಲೀಟರ್. ಎಂದರೆ ಒಂದು ಗಂಟೆಯ ತಂಪಿಗೆ ಒಂದು ದಿನದ ನೀರು. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ಊರಿನಲ್ಲಿ ಇದು ಸಲ್ಲದ ಮಾತು. ಅದೇ ನೀರನ್ನು ತಾರಸಿಯ ಮೇಲಿನ ಕೂಲಿಂಗ್ ಟವರಿಗೆ, ಅಂದರೆ ಬಿಸಿನೀರನ್ನು ಹನಿಹನಿಯಾಗಿ ಇಳಿಬಿಟ್ಟು ಎದುರಿನಿಂದ ಗಾಳಿ ಹಾಯಿಸುವ ಗೋಪುರಕ್ಕೆ, ಏರಿಸಿ ಮತ್ತೆ ಮತ್ತೆ ಬಳಸಿದರೆ ಆವಿಯಾಗಿ ಹೋಗುವುದು ಗಂಟೆಗೆ ಸುಮಾರು 10 ಲೀಟರು ಮಾತ್ರ.

ಆದರೆ ಆವಿಯಾಗುವುದು ನೀರು, ಉಳಿಯುವುದು ಅದರೊಳಗಿನ ಲವಣ. ಹಂಗಾಮಿನ ಕೊನೆಗೆ ಕೂಲರಿನ ಪ್ಯಾಡು ಬಿಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹುಲ್ಲಿನೆಳೆಗಳು ಬಿಳಿಯ ಪೊರೆ ಕಟ್ಟಿ ಹಲಗೆಯಂತೆ ಬಿರುಸಾಗಿರುತ್ತವೆ, ಮೇಲಿನ ಕೊಳವೆಯ ತೂತುಗಳು ಮುಚ್ಚಿಹೋಗಿ ನೀರು ಒಂದೇ ಮಗ್ಗುಲಿಗೆ ಇಳಿದಿರುತ್ತದೆ, ತಳದಲ್ಲಿ ಕೆಸರು ಕೂತಿರುತ್ತದೆ. ಪ್ಯಾಡನ್ನು ಎಸೆದು ಹೊಸದು ಹಾಕಬಹುದು; ಕಂಡೆನ್ಸರಿನೊಳಗೆ ಇದೇ ಪೊರೆ ಕಟ್ಟಿದರೆ ಶಾಖ ದಾಟದೆ ಒತ್ತಡ ಏರಿ, ಕಂಪ್ರೆಸರ್ ಪದೇಪದೇ ನಿಂತುಹೋಗುತ್ತದೆ. ಇದನ್ನು ತಡೆಯಲು ನೀರನ್ನು ಮೆದುಗೊಳಿಸಬೇಕು, ಲವಣ ಸಾಂದ್ರವಾದ ನೀರನ್ನು ಆಗಾಗ ಹೊರಬಿಡಬೇಕು. ನಿಂತ ನೀರಿನ ಮತ್ತೊಂದು ಅಪಾಯ ರೋಗ. ಡೆಂಗಿ ಹಬ್ಬುವ ಕಾಲದಲ್ಲಿ ದೆಹಲಿಯ ಪೌರಸಂಸ್ಥೆಗಳ ಸಿಬ್ಬಂದಿ ಮನೆಮನೆಗೆ ಬಂದು ಕೂಲರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಹುಡುಕುವುದು ವಾಡಿಕೆ. ಕೂಲಿಂಗ್ ಟವರಿಗೆ ಇದರ ಜೊತೆಗೆ, 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕಾಣಿಸಿಕೊಂಡ ನ್ಯುಮೋನಿಯಾದಿಂದ ಪತ್ತೆಯಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದ ಭಯವೂ ಸೇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಕಲಿಸಿದ್ದು ಕ್ವಾರ್ಟರ್ಸಿನ ಹಂಚಿಕೆಯ ವ್ಯವಸ್ಥೆ. ಅಲ್ಲಿನ ನಿವಾಸಿ ಮನೆಯ ಒಡೆಯರಲ್ಲ. ವರ್ಗವಾದಾಗಲೋ ನಿವೃತ್ತರಾದಾಗಲೋ ಬೀಗದ ಕೈ ಒಪ್ಪಿಸಿ ಹೊರಡಬೇಕಾದ್ದರಿಂದ, ಬಿಚ್ಚಿ ಲಾರಿಗೆ ಹೇರಬಹುದಾದ ವಸ್ತುವಿಗಷ್ಟೇ ಅವರು ಹಣ ಹಾಕುತ್ತಾರೆ. ಕೂಲರು, ವಿಂಡೋ ಎಸಿ, ಸ್ಪ್ಲಿಟ್ ಎಸಿ ಇವೆಲ್ಲ ಈ ಬದುಕಿಗೆ ಒಗ್ಗಿದ್ದೂ, ಊರು ಬಿಡುವಾಗ ಕೂಲರನ್ನು ಮುಂದೆ ಬರುವವರಿಗೇ ಸ್ಟ್ಯಾಂಡಿನ ಸಮೇತ ಅಗ್ಗಕ್ಕೆ ಕೊಟ್ಟುಹೋಗುವ ರೂಢಿ ಬೆಳೆದದ್ದೂ ಇದರಿಂದಲೇ. ಗೋಡೆಯೊಳಗೆ ಹುದುಗಿದ ಕೊಳವೆಯನ್ನೂ ತಾರಸಿಯ ಟವರನ್ನೂ ಯಾರೂ ಕೊಂಡೊಯ್ಯಲಾರರು; ಅವುಗಳನ್ನು ಹಾಕಿಸುವ, ನೋಡಿಕೊಳ್ಳುವ ಹೊಣೆ ಕಟ್ಟಡದ್ದೇ ಆಗಬೇಕು. ಹೊರಪೆಟ್ಟಿಗೆಯನ್ನು ತೆಗೆದುಹಾಕುವುದೆಂದರೆ ಒಂದು ಮನೆಯ ಯಂತ್ರವನ್ನು ಹಲವು ಮನೆಗಳ ಸಾಮೂಹಿಕ ಆಸ್ತಿಯನ್ನಾಗಿ ಮಾಡುವುದೆಂದೇ ಅರ್ಥ.

ಹಾಗಾಗಿ ಕಟ್ಟಿ ಮುಗಿದ ಫ್ಲಾಟಿನಲ್ಲಿ ಒಂದು ಕುಟುಂಬ ತಾನೊಂದೇ ಇಂಥ ಯಂತ್ರವನ್ನು ಕೂಡಿಸುವುದು ಬುದ್ಧಿವಂತಿಕೆಯಾಗದು. ಕಂಪ್ರೆಸರ್ ಒಳಗೇ ಇರುವುದರಿಂದ ಸದ್ದೂ ಮಲಗುವ ಕೋಣೆಗೇ ಬರುತ್ತದೆ. ನೀಲಿನಕ್ಷೆಯ ಹಂತದಲ್ಲೇ ಎಲ್ಲ ಮನೆಗಳಿಗೂ ಸಾಮೂಹಿಕ ಕೊಳವೆಜಾಲ, ತಾರಸಿಯಲ್ಲಿ ಟವರ್, ಮೀಟರಿನ ಲೆಕ್ಕ ಇವನ್ನು ಸೇರಿಸಿದ ಕಟ್ಟಡದ ಮಾತು ಬೇರೆ. ಬೆಂಗಳೂರಿನ ದೊಡ್ಡ ಕಚೇರಿ ಕಟ್ಟಡಗಳಲ್ಲಿ ರೂಢಿಯಲ್ಲಿರುವಂತೆ ಅಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಟವರಿಗೆ ಬಳಸಬಹುದು. ಮಳೆಗಾಲದಲ್ಲಿ ಎಸಿಯಿಂದ ತೊಟ್ಟಿಕ್ಕುವ, ಲವಣವಿಲ್ಲದ ನೀರನ್ನೂ ಬಕೆಟ್ಟಿಗೆ ಹಿಡಿಯುವ ಬದಲು ಟವರಿನ ತೊಟ್ಟಿಗೆ ಹರಿಸಬಹುದು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಣಿಯುತ್ತದೆ, ತೊಟ್ಟಿ ತೊಳೆಯುವವರಿಗೆ ಸಂಬಳ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಲಿಖಿತ ಉತ್ತರವಿರುವಲ್ಲಿ ಈ ಪದ್ಧತಿಯನ್ನು ಧೈರ್ಯವಾಗಿ ಒಪ್ಪಬಹುದು. ಇಲ್ಲದಿದ್ದಲ್ಲಿ ಸ್ಪ್ಲಿಟ್ ಎಸಿಯ ಹೊರಪೆಟ್ಟಿಗೆಗೇ ನೆರಳೂ ಗಾಳಿಯಾಡುವ ಜಾಗವೂ ಸಿಗುವಂತೆ ನೋಡಿಕೊಳ್ಳುವುದು ಮೇಲು.