ಕೈಗೆಟುಕುವ ವಾಲ್ವ್

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಬಚ್ಚಲುಮನೆಯ ಫೋಟೋ ನೋಡಿದೆ. ಗೋಡೆ ಕೊರೆದು ಪೈಪು ಕೂರಿಸಿಯಾಗಿದೆ, ಟೈಲ್ಸ್ ಇನ್ನೂ ಹಚ್ಚಿಲ್ಲ. ಸದ್ಯ! ಫೋನಿನಲ್ಲಿ ಹೇಳಿದರೆ "ಪ್ಲಂಬರ್ ನೋಡ್ಕೋತಾರೆ ಬಿಡಿ ದೊಡ್ಡಪ್ಪ" ಅಂದುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಎರಡು ಸಲ ಓದು.

ತಣ್ಣೀರಿನ ಬಿಳಿ ಪೈಪಿಗೆ ಒಂದು ವಾಲ್ವ್ ಇದೆ. ಸೋಲಾರಿನಿಂದ ಇಳಿದು ಬರುವ ಕೆನೆಬಣ್ಣದ ಸಿಪಿವಿಸಿ ಪೈಪಿಗೆ ಇಲ್ಲ. ನಮ್ಮ ಮನೆಯಲ್ಲೂ ಹೀಗೇ ಇತ್ತು.

ಒಂದು ಡಿಸೆಂಬರಿನಲ್ಲಿ ನಾನು ಮದುವೆಗೆಂದು ಊರಿಗೆ ಹೋಗಿದ್ದೆ, ದೊಡ್ಡಮ್ಮ ಒಬ್ಬಳೇ. ಬೆಳಗಿನ ಜಾವ ಮಿಕ್ಸರಿನ ಬಿಸಿನೀರಿನ ಕಡೆಯ ಸ್ಪಿಂಡಲ್ ಹಿಡಿಸಮೇತ ಕಿತ್ತು ಅವಳ ಕೈಗೇ ಬಂತು. ಬಿಸಿನೀರು ಎದುರು ಗೋಡೆಗೆ ಚಿಮ್ಮಿತು. ತಣ್ಣೀರಿನ ವಾಲ್ವ್ ತಿರುಗಿಸಿದಳು, ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ, ಬರುತ್ತಿದ್ದದ್ದು ಬೇರೆ ಪೈಪಿನಿಂದ. ಟವೆಲ್ ತುರುಕಿದಳು, ಅಂಗೈಗೆ ಬೊಬ್ಬೆ ಬಂತು. ಆ ಟವೆಲ್ಲೂ ಕಿತ್ತು ಹೋಗಿ ನೀರು ಹೊರಹೋಗುವ ಜಾಲರಿಗೇ ಅಡ್ಡ ಕೂತಿತು. ಕತ್ತಲಲ್ಲಿ ಏಣಿ ಹತ್ತಿ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಹಿಡಿದು ತಿರುಗಿಸಲು ನೋಡಿದಳು. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್, ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಜಗ್ಗಲಿಲ್ಲ. ಸೋಲಾರಿನ 200 ಲೀಟರು ಮೊದಲು ಸುಡುತ್ತಾ, ಆಮೇಲೆ ಉಗುರುಬೆಚ್ಚಗೆ, ಅದರ ಹಿಂದೆ ಟ್ಯಾಂಕಿನ 1000 ಲೀಟರು ತಣ್ಣಗೆ, ಎಲ್ಲ ಹರಿದು ಖಾಲಿಯಾದ ಮೇಲೇ ನಿಂತದ್ದು. ಹೊಸಿಲು ದಾಟಿದ ನೀರು ಮಂಚದ ಕೆಳಗಿನ ಟ್ರಂಕಿಗೆ ಹೋಗಿತ್ತು. ಅದರಲ್ಲಿ ಅವಳ ಅಮ್ಮನ ರಂಗೋಲಿ ಪುಸ್ತಕ. ಶಾಯಿಯ ಚುಕ್ಕಿಗಳೆಲ್ಲ ಕದಡಿ ನೀಲಿ ಮೋಡದ ಹಾಗಾಗಿದ್ದವು. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಹಾಕಿದ್ದಳು. ನಾನು ಬಂದು ನೋಡಿದಾಗ ಅವಳು ಒಂದು ಮಾತೂ ಆಡಲಿಲ್ಲ. ಆ ಮನೆಗೆ ಪೈಪು ಹಾಕಿಸುವಾಗ ಎದುರಿಗೆ ನಿಂತಿದ್ದವನು ನಾನೇ, ಪುಟ್ಟಿ. ಒಂದು ವಾಲ್ವಿನ ದುಡ್ಡು ಉಳಿಯಿತೆಂದು ಸುಮ್ಮನಿದ್ದೆ.

ಆದ್ದರಿಂದ ಪ್ರತಿ ಬಚ್ಚಲಿಗೂ ತಣ್ಣೀರಿಗೊಂದು, ಬಿಸಿನೀರಿಗೊಂದು ವಾಲ್ವ್ ಇರಲೇಬೇಕು. ಬಿಸಿನೀರಿನದು ಸಿಪಿವಿಸಿಯದೋ ಹಿತ್ತಾಳೆಯದೋ ಆಗಿರಲಿ. ತಣ್ಣೀರಿಗೆ ಹಾಕುವ ಬಿಳಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಅಗ್ಗವೆಂದು ಒಪ್ಪಬೇಡ. ಅಡುಗೆಮನೆ ಸಿಂಕಿನ ಕೆಳಗೆ, ಕಮೋಡಿನ ಪಕ್ಕ, ವಾಷ್‌ಬೇಸಿನ್ನಿನಡಿ ಆಂಗಲ್ ಕಾಕ್ ಹೇಗೂ ಹಾಕುತ್ತಾರೆ.

ಟ್ಯಾಂಕಿನಿಂದ ಇಳಿಯುವ ದೊಡ್ಡ ಪೈಪಿಗೆ ಬಾಲ್ ವಾಲ್ವನ್ನೇ ಕೇಳು. ಅದರ ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ನೀರು ಬಿಟ್ಟಿದೆ, ಅಡ್ಡಕ್ಕಿದ್ದರೆ ನಿಂತಿದೆ. ಕಾಲು ಸುತ್ತು, ಅಷ್ಟೇ. ಗಾಬರಿಯಲ್ಲಿರುವವರಿಗೂ ನೋಡಿದೊಡನೆ ಗೊತ್ತಾಗುತ್ತದೆ. ಗೇಟ್ ವಾಲ್ವನ್ನು ಹಲವು ಸುತ್ತು ತಿರುಗಿಸಬೇಕು, ಒಳಗೆ ಎಲ್ಲಿಗೆ ಬಂತೆಂದು ಹೊರಗೆ ಕಾಣುವುದಿಲ್ಲ. ಬಾಲ್ ವಾಲ್ವಾದರೂ ಮುಟ್ಟದೆ ಬಿಟ್ಟರೆ ಹಿಡಿದುಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಎಲ್ಲವನ್ನೂ ಒಮ್ಮೆ ಮುಚ್ಚಿ ತೆರೆ. ನಮ್ಮ ಕಡೆ ದೀಪಾವಳಿಗೆ ಹಂಡೆ ತೊಳೆದು ನೀರು ತುಂಬುವ ಹಬ್ಬ ಮಾಡುತ್ತೇವಲ್ಲ, ಆ ದಿನ ಮಾತ್ರ ತಪ್ಪಿಸಲೇಬೇಡ.

ವಾಲ್ವ್ ಹಾಕಬಾರದ ಜಾಗವೂ ಇದೆ, ಇದನ್ನು ಪ್ಲಂಬರಿಗೆ ಓದಿ ಹೇಳು. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ನಿಲ್ಲಿಸುವ ಗಾಳಿ ಪೈಪಿಗೆ ಯಾವ ಕಾರಣಕ್ಕೂ ಹಾಕಬಾರದು. ಗೀಸರಿಗೂ ಅದರ ಸೇಫ್ಟಿ ವಾಲ್ವಿಗೂ ನಡುವೆಯೂ ಹಾಕಬಾರದು. ನೀರು ಕಾದಾಗ ಹಿಗ್ಗುತ್ತದೆ, ಆ ಒತ್ತಡಕ್ಕೆ ಹೊರಗೆ ಹೋಗಲು ದಾರಿ ಬೇಕು. ದಾರಿ ಕಟ್ಟಿದರೆ ಟ್ಯಾಂಕೇ ಬಿರಿಯಬಹುದು. ಗೀಸರಿನ ಹತ್ತಿರ ಎಲ್ಲಿ ಸೋರಿದರೂ ಮೊದಲು ಸ್ವಿಚ್ ಆರಿಸಬೇಕು, ಆಮೇಲೆ ವಾಲ್ವ್. ನೀರಿಳಿದ ಗೀಸರಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ.

ಟೈಲ್ಸ್‌ನವರು ಬರುವ ಮುಂಚೆ ಎಲ್ಲ ಪೈಪಿಗೂ ನೀರು ತುಂಬಿ, ಒತ್ತಡ ಕೊಟ್ಟು, ಒಂದು ರಾತ್ರಿ ಬಿಟ್ಟು ನೋಡಿಸು. ಅಂಟು ಹಾಕಿದ ದಿನವೇ ಬೇಡ, ಒಣಗಲು ಒಂದು ದಿನ ಬಿಡು. ಪೈಪು ಎಲ್ಲೆಲ್ಲಿ ಹೋಗಿದೆಯೋ ಫೋಟೋ ತೆಗೆದಿಟ್ಟುಕೋ, ನಾಳೆ ಗೋಡೆಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಇನ್ನು ಎತ್ತರ. ಫೋಟೋದಲ್ಲಿರುವ ವಾಲ್ವ್ ಬಾಗಿಲ ಚೌಕಟ್ಟಿಗಿಂತಲೂ ಮೇಲಿದೆ. ಪ್ಲಂಬರ್ ಸ್ಟೂಲ್ ಮೇಲೆ ನಿಂತು ಕೆಲಸ ಮಾಡುವವರು, ಅವರಿಗೆ ಅದು ಸಲೀಸು. ನೀನು ಎಂಟೂವರೆಗೆ ಆಫೀಸಿಗೆ ಹೊರಟರೆ ಸಂಜೆಯವರೆಗೂ ಆ ಮನೆಯಲ್ಲಿರುವವಳು ನಿಮ್ಮಮ್ಮ. ಅವಳ ಭುಜದ ನೋವು ನಿನಗೆ ಗೊತ್ತೇ ಇದೆ, ಕೈ ಮೇಲೆತ್ತಲಾರಳು. ಅಕ್ಕತಂಗಿಯರದು ಒಂದೇ ಎತ್ತರವಾದ್ದರಿಂದ ನಿನ್ನೆ ದೊಡ್ಡಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ದಾರ ಹಿಡಿದು ಕತ್ತರಿಸಿದ್ದೇನೆ. ಕವರಿನಲ್ಲಿದೆ. ಎರಡು ವಾಲ್ವುಗಳೂ ಆ ದಾರದ ತುದಿಗೇ ಬರಲಿ. ಬಿಸಿನೀರಿನದಕ್ಕೆ ಕೆಂಪು ಬಣ್ಣ ಹಚ್ಚಿಸು.

ನಿನ್ನ ದೊಡ್ಡಪ್ಪ