ಬೋಧೆಯಲ್ಲಿ ಕಠಿಣವೂ ಮೃದುವೂ

ಔಷಧವು ಒಂದೇ ಆಗಿದ್ದರೂ ವೈದ್ಯನು ಅದನ್ನು ಕೂಸಿಗೆ ಜೇನಿನಲ್ಲಿ ತೇಯ್ದು ಕೊಡುತ್ತಾನೆ. ಬಲ್ಲವನಿಗೆ ಕಹಿ ಕಷಾಯವಾಗಿಯೇ ಕುಡಿಸುತ್ತಾನೆ. ಧರ್ಮಬೋಧೆಯ ರೀತಿಯೂ ಇದೇ. ತತ್ತ್ವವು ಬದಲಾಗುವುದಿಲ್ಲ, ಕೇಳುವವನ ಸ್ಥಿತಿಗೆ ತಕ್ಕಂತೆ ನುಡಿಯು ಬದಲಾಗುತ್ತದೆ. ಸತ್ಯವನ್ನು ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ಕೆಲವರು ವಾದಿಸುವರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಮತ್ತೆ ಕೆಲವರು ಏನನ್ನೂ ಹೇಳದೆ ಸುಮ್ಮನಿರುವರು. ಇವೆರಡರಲ್ಲಿ ಯಾವುದು ಯೋಗ್ಯವೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ದೇವಣಿಯ ಭಕ್ತರು ಬಹುದೂರ ಹೋಗಬೇಕಾಗಿಲ್ಲ. ಸಮೀಪದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರ ನಡೆನುಡಿಗಳಲ್ಲಿಯೇ ಅದು ದೊರೆಯುತ್ತದೆ.

ಆ ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಗ್ರಂಥವೇ ‘ಶೂನ್ಯಸಂಪಾದನೆ’. ಇದನ್ನು ಮೊದಲು ಸಂಕಲಿಸಿದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರ ಸಿದ್ಧವೀರಣಾರ್ಯರು ಅದನ್ನು ಪರಿಷ್ಕರಿಸಿದರು. ಈ ಗ್ರಂಥದ ನಾಯಕರು ಅಲ್ಲಮಪ್ರಭುದೇವರು. ಅವರು ಒಬ್ಬೊಬ್ಬರ ಮುಂದೆ ಒಂದೊಂದು ಬಗೆಯಾಗಿ ಮಾತನಾಡಿದುದನ್ನು ಗಮನಿಸಿದರೆ ಬೋಧೆಯ ಮರ್ಮವು ತಿಳಿಯುತ್ತದೆ.

ತೋಟಿಗನಾದ ಗೊಗ್ಗಯ್ಯನ ಪ್ರಸಂಗವನ್ನು ಮೊದಲು ನೋಡೋಣ. ಅವನು ತನ್ನ ತೋಟದ ಕೆಲಸದಲ್ಲಿಯೇ ಮುಳುಗಿದ್ದವನು. ಪ್ರಭುದೇವರು ಅವನೆದುರು ಶಾಸ್ತ್ರವನ್ನು ಬಿಚ್ಚಲಿಲ್ಲ. ಅವನ ಕೆಲಸವನ್ನು ಹಳಿಯಲೂ ಇಲ್ಲ. ಅಗೆಯುವುದು, ಬಿತ್ತುವುದು, ನೀರುಣಿಸುವುದು, ಕಾಯುವುದು ಎಂಬ ಅವನದೇ ಮಾತುಗಳಲ್ಲಿ ಅಂತರಂಗದ ಬೇಸಾಯವನ್ನು ತಿಳಿಸಿಕೊಟ್ಟರು. ಒಕ್ಕಲಿಗನಿಗೆ ಒಕ್ಕಲುತನದ ಮಾತೇ ಉಪನಿಷತ್ತು.

ಇದೇ ಪ್ರಭುದೇವರು ಸೊನ್ನಲಿಗೆಗೆ, ಎಂದರೆ ಇಂದಿನ ಸೊಲ್ಲಾಪುರಕ್ಕೆ, ಬಂದಾಗ ಬೇರೊಬ್ಬರೇ ಆದರೋ ಎಂಬಂತೆ ತೋರುವರು. ಅಲ್ಲಿ ಸಿದ್ಧರಾಮರು ಕೆರೆಯನ್ನು ತೋಡಿಸುತ್ತ, ಗುಡಿಗಳನ್ನು ಕಟ್ಟಿಸುತ್ತ ಲೋಕೋಪಕಾರದಲ್ಲಿ ನಿರತರಾಗಿದ್ದರು. ಪ್ರಭುದೇವರು ಅವರ ಕೆಲಸಗಾರರೆದುರಿಗೇ ಆ ಮಹಾತ್ಮರನ್ನು ಏಕವಚನದಿಂದ ಕರೆದು, ಮಣ್ಣು ಅಗೆಯಿಸುವವನೆಂದು ಹೀಯಾಳಿಸಿದರು. ಕೆಲಸಗಾರರು ಸಿಟ್ಟಾಗಿ ಕಲ್ಲೆಸೆದರು. ಸಿದ್ಧರಾಮರೂ ಕೋಪಗೊಂಡರು. ಆ ಕೋಪವೇ ಅವರ ಕಣ್ಣು ತೆರೆಯಿಸಿತು. ಇಷ್ಟೆಲ್ಲ ಸತ್ಕಾರ್ಯ ಮಾಡಿದರೂ ‘ನಾನು ಮಾಡಿದೆ’ ಎಂಬುದು ಒಳಗೆ ಉಳಿದಿತ್ತೆಂಬುದು ಅವರಿಗೇ ಕಾಣಿಸಿತು. ಮುಂದೆ ಅವರು ಪ್ರಭುದೇವರೊಡನೆ ಕಲ್ಯಾಣಕ್ಕೆ ಹೋಗಿ ಶರಣರಲ್ಲಿ ಅಗ್ರಗಣ್ಯರಾದರು.

ಈ ಕಠಿಣ ನುಡಿಯು ಏಕೆ ಫಲಿಸಿತು? ಮೊದಲನೆಯದಾಗಿ, ಅದನ್ನು ತಾಳಿಕೊಳ್ಳುವ ಶಕ್ತಿಯು ಸಿದ್ಧರಾಮರಲ್ಲಿತ್ತು. ಎರಡನೆಯದಾಗಿ, ಆಡಿದವರಿಗೆ ಅದರಿಂದ ಸ್ವಂತ ಲಾಭವಾಗಲಿ ಹೆಸರಾಗಲಿ ಬೇಕಿರಲಿಲ್ಲ. ಮೂರನೆಯದಾಗಿ, ಪ್ರಭುದೇವರು ಚುಚ್ಚಿ ಹೊರಟುಹೋಗಲಿಲ್ಲ. ಕಲ್ಲೇಟಿನ ನಡುವೆಯೂ ಅಲ್ಲಿಯೇ ನಿಂತು, ಸಿದ್ಧರಾಮರ ಸಂಶಯಗಳು ತೀರುವವರೆಗೂ ಮಾತನಾಡಿದರು. ಈ ಮೂರರಲ್ಲಿ ಒಂದು ಇಲ್ಲವಾದರೂ ಅದು ಬೋಧೆಯಾಗದೆ ಬರಿಯ ಬೈಗುಳವಾಗುತ್ತಿತ್ತು.

ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿದ್ದ ಮುಕ್ತಾಯಕ್ಕನ ಬಳಿಯಲ್ಲಿ ಪ್ರಭುದೇವರ ರೀತಿಯೇ ಬೇರೆ. ಅವಳು ಅವರ ಮಾತನ್ನು ಒಮ್ಮೆಗೇ ಒಪ್ಪಲಿಲ್ಲ. ಅರಿತವನಿಗೆ ಇಷ್ಟೊಂದು ಮಾತೇಕೆ ಎಂದು ಅವರನ್ನೇ ಪ್ರಶ್ನಿಸಿದಳು. ಪ್ರಭುದೇವರು ಮುನಿಯಲಿಲ್ಲ, ದುಃಖದಲ್ಲಿದ್ದವಳ ಪ್ರತಿಯೊಂದು ಮಾತಿಗೂ ತಾಳ್ಮೆಯಿಂದ ಉತ್ತರವಿತ್ತರು. ಆದರೆ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ತುಂಬಿದ ಸಭೆಯಲ್ಲಿ ಅವರು ಕೇಳಿದ ಪ್ರಶ್ನೆಗಳು ಕತ್ತಿಯ ಅಲಗಿನಂತಿದ್ದವು. ಆ ಧೀರೆಯು ಎಲ್ಲಕ್ಕೂ ಉತ್ತರ ಕೊಟ್ಟಳು. ಅವಳ ಹಿರಿಮೆಯು ಸಭೆಗೆಲ್ಲ ತಿಳಿಯಿತು. ನೊಂದವರಲ್ಲಿ ಮೃದುವಾಗಿ, ಸಮರ್ಥರಲ್ಲಿ ಕಠಿಣವಾಗಿ ನಡೆದುಕೊಂಡುದೇ ಪ್ರಭುದೇವರ ಕ್ರಮ. ಸಾಮಾನ್ಯರು ಇದಕ್ಕೆ ವಿರುದ್ಧವಾಗಿ ನಡೆಯುವರು: ಬಲಿಷ್ಠನ ಮುಂದೆ ಬೆಣ್ಣೆಯಾಗುವರು, ಬಡವನ ಮುಂದೆ ಬೆಂಕಿಯಾಗುವರು.

ಬಸವಣ್ಣನವರ ನಡೆಯಲ್ಲಿಯೂ ಇಂಥದೇ ಕ್ರಮವಿದೆ. ಕಳ್ಳರು ಅವರ ಮನೆಯ ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳನ್ನೂ ಅವರಿಗೇ ಒಪ್ಪಿಸಿರೆಂದು ಹೇಳಿದರೆಂಬ ಕಥೆಯಿದೆ. ಹೆಸರಾಂತ ದನದ ತಳಿಯನ್ನು ಸಾಕಿದ ದೇವಣಿಯ ಜನರಿಗೆ ಕರುವಿನ ಕೂಗು ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಕಳ್ಳನಿಗೂ ಕಟುವಾಗದ ಅದೇ ಬಸವಣ್ಣನವರು ತಮ್ಮ ಮನಸ್ಸಿನ ಡೊಂಕನ್ನು ಮಾತ್ರ ಕ್ಷಮಿಸಲಿಲ್ಲ. ಅವರ ಅನೇಕ ವಚನಗಳ ಚಾಟಿಯು ಅವರ ಬೆನ್ನಿಗೇ ಬೀಳುತ್ತದೆ. ಕಠಿಣ ನುಡಿಯ ಮೊದಲ ಪಾಲು ತನಗೆ, ಎರಡನೆಯ ಪಾಲು ತಪ್ಪನ್ನು ತಿದ್ದಿಕೊಳ್ಳಬಲ್ಲ ತನ್ನವರಿಗೆ. ಅಪರಿಚಿತರಿಗೆ ಮೃದುವಚನವೇ ಸಲ್ಲಬೇಕು.

ಮೃದುತ್ವವೆಂದರೆ ನುಣುಪು ಮಾತು ಮಾತ್ರವಲ್ಲ. ಕೇಳುವವನ ಭಾಷೆಗೆ ಇಳಿದು ಬರುವುದೂ ಮೃದುತ್ವವೇ. ಬೀಡ ಜಿಲ್ಲೆಯ ಕಪಿಲಧಾರೆಯಲ್ಲಿ ಸಮಾಧಿಸ್ಥರಾದ ಮನ್ಮಥಸ್ವಾಮಿಗಳು ಶಿವತತ್ತ್ವವನ್ನು ‘ಪರಮರಹಸ್ಯ’ವೆಂಬ ಗ್ರಂಥದಲ್ಲಿ ಮರಾಠಿಯಲ್ಲಿ ಬರೆದರು. ಕನ್ನಡ ಬಾರದ ಭಕ್ತನನ್ನು ಅವರು ಹೊರಗೆ ನಿಲ್ಲಿಸಲಿಲ್ಲ. ಉದಗೀರ ನಿಲಂಗಾ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಬಳಿಕ ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಗಡಿಯು ಸರಿದರೂ ಮನೆಗಳಲ್ಲಿ ಎರಡು ಭಾಷೆಗಳೂ ಉಳಿದಿವೆ. ಅಜ್ಜಿಯು ಕನ್ನಡದಲ್ಲಿ ಹೇಳಿದುದನ್ನು ಮೊಮ್ಮಗನಿಗೆ ಮರಾಠಿಯಲ್ಲಿ ತಿಳಿಸುವುದು ಧರ್ಮಕ್ಕೆ ಕುಂದಲ್ಲ.

ಪರಧರ್ಮದವರೊಡನೆ ನಡೆದುಕೊಳ್ಳುವ ಬಗೆಗೆ ಬೀದರದ ಹತ್ತಿರದ ಅಷ್ಟೂರು ಒಂದು ಪಾಠವಾಗಿದೆ. ಅಲ್ಲಿ 1422ರಿಂದ 1436ರ ವರೆಗೆ ಆಳಿದ ಬಹಮನಿ ಸುಲ್ತಾನ ಅಹಮದ ಶಾಹ ವಲಿಯ ಗುಂಬಜವಿದೆ. ಮುಸಲ್ಮಾನರು ಅವನನ್ನು ವಲಿಯೆಂದು ನಮಿಸಿದರೆ, ಅನೇಕ ಹಿಂದೂಗಳು ಅಲ್ಲಮಪ್ರಭುವೆಂದೇ ನಮಿಸುವರು. ಉರುಸಿಗೆ ಮಾಡಿಯಾಳದ ಜಂಗಮರು ಭಕ್ತರೊಡನೆ ಬರುವ ಪದ್ಧತಿಯಿದೆ. ಅಲ್ಲಿ ಯಾರೂ ಯಾರನ್ನೂ ವಾದದಲ್ಲಿ ಸೋಲಿಸಲು ಬರುವುದಿಲ್ಲ. ತಮ್ಮ ಭಕ್ತಿಯನ್ನು ಬಿಟ್ಟುಕೊಡುವುದೂ ಇಲ್ಲ.

ಗುಡಿಯ ಜೀರ್ಣೋದ್ಧಾರದ ಈ ಶುಭಸಮಯದಲ್ಲಿ ಹಿರಿಯರು ಈ ಮಾತನ್ನು ನೆನೆಯುವುದು ಯೋಗ್ಯ. ಪಟ್ಟಣದಿಂದ ಬಂದ ಹುಡುಗನು ಹಣೆಗೆ ವಿಭೂತಿಯಿಲ್ಲದೆ ಬಾಗಿಲಲ್ಲಿ ನಿಲ್ಲುತ್ತಾನೆ. ಹೊಸದಾಗಿ ಬಂದ ಸೊಸೆಯು ಪ್ರದಕ್ಷಿಣೆಯ ಕ್ರಮವನ್ನು ತಪ್ಪುತ್ತಾಳೆ. ನಾಲ್ಕು ಜನರ ಮುಂದೆ ಗದರಿಸಿದರೆ ಕ್ರಮವೇನೋ ಉಳಿದೀತು. ಆ ಹುಡುಗನು ಮತ್ತೆ ಮೆಟ್ಟಿಲೇರಲಾರನು. ಅದೇ ವಿಭೂತಿಯ ಗಟ್ಟಿಯನ್ನು ಅವನ ಕೈಗಿತ್ತು ‘ಬಾರಪ್ಪಾ’ ಎಂದರೆ ಕ್ರಮವೂ ಉಳಿಯುವುದು, ಹುಡುಗನೂ ಉಳಿಯುವನು. ಗುಡಿಯ ಹಣದಲ್ಲಿ ತಪ್ಪು ಲೆಕ್ಕ ಬರೆಯುವವನಿಗೆ, ಬಡವನನ್ನು ಹಿಂದಕ್ಕೆ ತಳ್ಳುವ ಶ್ರೀಮಂತನಿಗೆ ಮಾತ್ರ ಸ್ಪಷ್ಟ ನುಡಿಯು ಬೇಕು. ಅಲ್ಲಿ ಮೌನವು ಸೌಜನ್ಯವಲ್ಲ, ಅಂಜಿಕೆ.

ಕಲ್ಲುಕುಟಿಗನು ಗಟ್ಟಿ ಬಂಡೆಗೆ ಉಳಿಯನ್ನು ಹಚ್ಚುತ್ತಾನೆ. ಸವೆದ ಹಳೆಯ ಮೂರ್ತಿಯನ್ನು ನೀರಿನಿಂದ ತೊಳೆದು ಬಟ್ಟೆಯಿಂದ ಒರೆಸುತ್ತಾನೆ. ಎರಡೂ ಗುಡಿಯ ಕೆಲಸವೇ. ಯಾವ ಕಲ್ಲಿಗೆ ಯಾವುದೆಂಬುದನ್ನು ಅರಿತವನ ಕೈಯಿಂದ ಮಾತ್ರ ಜೀರ್ಣೋದ್ಧಾರವು ಆಗುತ್ತದೆ. ಅಂಥ ವಿವೇಕವನ್ನು ಪರಮಾತ್ಮನು ಸಕಲ ಸದ್ಭಕ್ತರಿಗೂ ಕರುಣಿಸಲಿ.